ಸಾಮರ್ಸೆಟ್ ಹಳ್ಳಿಯ ಪ್ಯಾಂಟೊ

ಇಂಗ್ಲೆಂಡಿನಲ್ಲಿ ಜನವರಿ ಅಂದರೆ ಸಂಜೆ ನಾಲ್ಕೂವರೆಗೆಲ್ಲಾ ಕತ್ತಲು. ಕ್ರಿಸ್‌ಮಸ್ ಗಲಾಟೆ ಮುಗಿದಿರುತ್ತದೆ, ಹೊಲದ ಕೆಲಸವೂ ಕಡಿಮೆ. ಎಷ್ಟೋ ಹಳ್ಳಿಗಳಲ್ಲಿ ಊರವರೇ ಸೇರಿ ಪ್ಯಾಂಟೊಮೈಮ್ ಆಡುವುದು ಆಗಲೇ. ಚಿಕ್ಕದಾಗಿ ಪ್ಯಾಂಟೊ: ಮಕ್ಕಳ ಕತೆಯನ್ನು ಹಾಡು, ಹಾಸ್ಯ ಬೆರೆಸಿ ಆಡುವ ನಾಟಕ. ನಾನು ನೋಡಿದ್ದು ಸಾಮರ್ಸೆಟ್ ಕೌಂಟಿಯಲ್ಲಿ, ಟೌಂಟನ್ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಅಕ್ಕನ ಮಗಳು ಅಲ್ಲಿ ಸಂಸಾರ ಹೂಡಿದ್ದಾಳೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಟೌಂಟನ್‌ಗೆ ಹೆಚ್ಚುಕಡಿಮೆ ಎರಡು ಗಂಟೆ ರೈಲು. ಅಲ್ಲಿಂದ ಮುಂದೆ ಎರಡೂ ಕಡೆ ಎತ್ತರದ ಬೇಲಿಸಾಲು, ಒಂದೇ ಕಾರು ಹಿಡಿಸುವ ದಾರಿ.

"ಚಿಕ್ಕಮ್ಮ, ಶನಿವಾರ ಎಲ್ಲಿಗೂ ಹೊರಡಬೇಡಿ, ನಿಮ್ಮ ಮೊಮ್ಮಗಳ ನಾಟಕ ಇದೆ" ಅಂದಳು. ಪುಟ್ಟಿಗೆ ಎಂಟು ವರ್ಷ. ಹಿಂದೆ ನಿಂತು ಹಾಡುವ ಮಕ್ಕಳ ಗುಂಪಿನಲ್ಲಿ ಅವಳೂ ಒಬ್ಬಳು. ಆಟ 'ಜ್ಯಾಕ್ ಮತ್ತು ಹುರುಳಿ ಬಳ್ಳಿ'. ಹಸು ಮಾರಲು ಹೋದ ಹುಡುಗ ಕಾಳು ತರುತ್ತಾನೆ, ಬಳ್ಳಿ ಆಕಾಶಕ್ಕೆ ಬೆಳೆಯುತ್ತದೆ, ಮೇಲೆ ರಾಕ್ಷಸ. ಕತೆ ಎಲ್ಲರಿಗೂ ಗೊತ್ತು. ಕತೆ ತಿಳಿಯಲೆಂದು ಇಲ್ಲಿಗೆ ಯಾರೂ ಬರುವುದಿಲ್ಲ.

ಊರಿನ ಹಾಲ್‌ನ ನೆಲದ ಮೇಲೆ ಬ್ಯಾಡ್ಮಿಂಟನ್ ಗೆರೆಗಳು. ಅದರ ಮೇಲೇ ಪ್ಲಾಸ್ಟಿಕ್ ಕುರ್ಚಿ ಸಾಲು. ಪಕ್ಕದಲ್ಲಿ ಅಡುಗೆಮನೆಯ ಕಿಂಡಿ, ಅದರಲ್ಲಿ ಟೀ. ಬಾಗಿಲಲ್ಲಿ ಲಾಟರಿ ಚೀಟಿ. ಬಹುಮಾನಕ್ಕೆ ವೈನ್ ಬಾಟಲಿ, ಬಿಸ್ಕತ್ ಡಬ್ಬ, ಒಂದು ಮೂಟೆ ಆಲೂಗೆಡ್ಡೆ. ದುಡ್ಡು ಹಾಲ್‌ನ ಸೂರಿನ ರಿಪೇರಿಗೆ.

ಮೂರು ಗಂಟೆ ಹೊಡೆದವು, ಪರದೆ ಸರಿಯಿತು, ಜ್ಯಾಕ್‌ನ ತಾಯಿ ಬಂದಳು. ಬಂದಳು ಅಂದರೆ ಬಂದ! ಆರಡಿ ಗಂಡಸು. ಕೇಸರಿ ಬಣ್ಣದ ಸುರುಳಿ ವಿಗ್, ಪರದೆ ಬಟ್ಟೆಯಲ್ಲಿ ಹೊಲಿದ ದೊಡ್ಡ ಲಂಗ. ನಾನು ಪಾದ ನೋಡಿದೆ. ಕೊಟ್ಟಿಗೆಗೆ ಹಾಕುವ ರಬ್ಬರ್ ಬೂಟಿಗೆ ಕೆಂಪು ಬಣ್ಣ ಬಳಿದು ಹಳದಿ ಚುಕ್ಕಿ ಇಟ್ಟಿದ್ದ. "ಅವರದು ಡೈರಿ, ಚಿಕ್ಕಮ್ಮ. ಹಾಲು ಕರೆದು ಮುಗಿಸಿ ಬರ್ತಾರೆ" ಅಂತ ಕಿವಿಯಲ್ಲಿ ಹೇಳಿದಳು. ಜ್ಯಾಕ್ ಆದವಳು ಆ ಕಡೆಯ ನರ್ಸ್. ಸೊಂಟಕ್ಕೆ ಕೈಯಿಟ್ಟು, ತೊಡೆ ತಟ್ಟಿ ನಿಂತಳು. ತಾಯಿ ಪಾತ್ರ ಗಂಡಸಿಗೆ, ನಾಯಕನ ಪಾತ್ರ ಹೆಣ್ಣಿಗೆ: ಇದು ಇಲ್ಲಿಯ ಹಳೇ ಪದ್ಧತಿ. ಪ್ರೇಕ್ಷಕರ ಬಲಗಡೆಯಿಂದ ಖಳ ಬರುತ್ತಾನೆ, ಎಡಗಡೆಯಿಂದ ದೇವತೆ. ಖಳ ಕಾಲಿಟ್ಟ ಕೂಡಲೇ ಊರಿಗೆ ಊರೇ 'ಬೂ' ಅಂತ ಕೂಗಬೇಕು. ಅಜ್ಜಂದಿರೂ ಕೂಗಿದರು, ನಾನೂ ಕೂಗಿದೆ.

ಈ ಆಟ ಶುರುವಾದದ್ದು ಇಷ್ಟು ಮಾತಿನಿಂದ ಅಲ್ಲ. ಇಟಲಿಯ ಹಾಸ್ಯನಾಟಕದ ಹಾರ್ಲೆಕ್ವಿನ್ ಎಂಬ ಕೋಡಂಗಿ ಪಾತ್ರವನ್ನು 18ನೇ ಶತಮಾನದಲ್ಲಿ ಲಂಡನ್ನಿನಲ್ಲಿ ಜನಪ್ರಿಯ ಮಾಡಿದ ನಟ ಜಾನ್ ರಿಚ್, ಬರೀ ಮೈ-ಕೈ ಆಡಿಸಿಯೇ ಜನರನ್ನು ಹಿಡಿದಿಡುತ್ತಿದ್ದ. ಮಾತಿನ ನಾಟಕ ಆಡುವ ಹಕ್ಕು ಆಗ ಬೆರಳೆಣಿಕೆಯ ರಂಗಮಂದಿರಗಳಿಗೆ ಮಾತ್ರ ಇತ್ತು. 1843ರ ಕಾನೂನು ಆ ಕಟ್ಟು ಬಿಚ್ಚಿತು. ಆಮೇಲೆ ಪ್ರಾಸ, ಪೋಲಿ ಜೋಕು ಎಲ್ಲ ಒಳಗೆ ನುಗ್ಗಿದವು. ತಾಯಿ ಪಾತ್ರವನ್ನು ಮನೆಮಾತು ಮಾಡಿದವನು ಹಾಸ್ಯನಟ ಡ್ಯಾನ್ ಲೆನೊ. 1888ರಿಂದ ಸುಮಾರು 15 ವರ್ಷ ಅವನು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಪ್ರತಿ ಚಳಿಗಾಲ ಆಡಿದ. ಈ ಹಳ್ಳಿಯ ರೈತ ಸೆರಗು ಸರಿಮಾಡಿಕೊಳ್ಳುವ ಹಾಗೆ ವಿಗ್ ಸರಿಮಾಡಿಕೊಂಡು ಜನರ ಕಡೆ ಕಣ್ಣು ಹೊಡೆಯುವುದು ಆ ಪರಂಪರೆಯಿಂದಲೇ.

ಒಂದು ದೃಶ್ಯ ಹೇಳಲೇಬೇಕು. ರೊಟ್ಟಿ ಮಾಡುವ ಸೀನು. ತಾಯಿ ಹಿಟ್ಟು ಕಲಸುತ್ತಾಳೆ, ಹಸು ಪಕ್ಕದಲ್ಲಿ ನಿಂತಿದೆ. ಹಸುವಿನೊಳಗೆ ಇಬ್ಬರು ಹೈಸ್ಕೂಲು ಹುಡುಗರು, ಒಬ್ಬ ಮುಂಗಾಲು, ಒಬ್ಬ ಹಿಂಗಾಲು. ಹಿಟ್ಟು ಹಾರಿತು, ನೀರು ಚೆಲ್ಲಿತು, ಹಿಂಗಾಲಿನವನು ಜಾರಿದ. ಹಸು ನಡುವೆ ಎರಡು ತುಂಡಾಯಿತು. ರೈತ ತಡವರಿಸಲಿಲ್ಲ. "ಕರು ಹಾಕಿತು!" ಅಂದ. ಹಾಲ್ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಜ್ಯಾಕ್ ಮಾತು ಮರೆತಳು. ಪಕ್ಕದ ಪರದೆಯ ಹಿಂದಿನಿಂದ ನಿವೃತ್ತ ಟೀಚರ್ ಸಾಲು ಎತ್ತಿಕೊಟ್ಟರು. ಆ ದನಿ ಜ್ಯಾಕ್‌ಗಿಂತ ಚೆನ್ನಾಗಿ ಕೊನೆಯ ಸಾಲಿನವರಿಗೆ ಕೇಳಿಸಿತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ನಮ್ಮ ತುಮಕೂರು, ಮಂಡ್ಯದ ಕಡೆ ಊರವರು ಕುರುಕ್ಷೇತ್ರ ಆಡುವಾಗಲೂ ಹೀಗೇ ಅಲ್ವಾ? ಭೀಮನಿಗೆ ಶಿಳ್ಳೆ ಬೀಳುವುದು ಅವನು ನಮ್ಮ ಪಕ್ಕದ ಮನೆಯವನು ಅಂತ. ಇಲ್ಲಿಯ ಜೋಕುಗಳಲ್ಲಿ ಅರ್ಧ ನನಗೆ ಹೊಳೆಯಲಿಲ್ಲ. ಚರ್ಚ್ ಹತ್ತಿರದ ರಸ್ತೆ ಗುಂಡಿ, ಪಕ್ಕದೂರಿನ ಕ್ರಿಕೆಟ್ ಟೀಮು, ಇಂಥವೇ. ಅಕ್ಕನ ಮಗಳು ಬಿಡಿಸಿ ಹೇಳುತ್ತಾ ಹೋದಳು, ನಾನು ಎಲ್ಲರಿಗಿಂತ ಒಂದು ನಿಮಿಷ ತಡವಾಗಿ ನಗುತ್ತಾ ಹೋದೆ. ದೊಡ್ಡ ಊರಿನ ರಂಗಮಂದಿರದಲ್ಲಿ ಟಿವಿ ತಾರೆಯರ ಪ್ಯಾಂಟೊ ಸಿಗುತ್ತದೆ. ಅದರಲ್ಲಿ ಈ ರುಚಿ ಇರಲಾರದು. ಯಾರು ಯಾವ ಪಾತ್ರ ಅಂತ ಊರಿಗೆ ಗೊತ್ತಿರುವುದೇ ಇಲ್ಲಿ ನಾಟಕದ ಅರ್ಧ ಸೊಗಸು.

ವಿರಾಮದಲ್ಲಿ ಖಳನೇ ಲಾಟರಿ ಚೀಟಿ ಮಾರುತ್ತಾ ಬಂದ. ದಿನಾ ಟಪಾಲು ಹಂಚುವವನು ಅವನು. ಮಕ್ಕಳು ಬಿಡಲಿಲ್ಲ, ಬೂ ಅನ್ನುತ್ತಲೇ ಚೀಟಿ ಕೊಂಡರು.

ರಾಕ್ಷಸನಿಗೆ ವೇದಿಕೆ ಸಾಲದು. ಎರಡು ದೊಡ್ಡ ರಟ್ಟಿನ ಬೂಟು ಮೇಲಿಂದ ಇಳಿದವು, ಮೈಕಿನಲ್ಲಿ ದನಿ, ಅಷ್ಟೇ. ಸಾಕಾಗಿತ್ತು. ಖಳ ಜ್ಯಾಕ್‌ನ ಬೆನ್ನ ಹಿಂದೆ ಹೊಂಚುತ್ತಾ ಬಂದಾಗ "ನಿನ್ನ ಹಿಂದೇನೇ ಇದ್ದಾನೆ!" ಅಂತ ನೂರು ಗಂಟಲು ಒಟ್ಟಿಗೆ. ಮುಗಿಯುವ ಮೊದಲು ಹಾಡಿನ ಸಾಲು ಬರೆದ ಬಟ್ಟೆ ಇಳಿಬಿಟ್ಟು, ನಮ್ಮನ್ನು ಎಡ-ಬಲ ಎರಡು ಪಾಳಿ ಮಾಡಿ ಹಾಡಿಸಿದರು. ನಮ್ಮ ಪಾಳಿ ಗೆದ್ದಿತು!

ಕೊನೆಯ ಎರಡು ಸಾಲಿನ ಪ್ರಾಸವನ್ನು ಅಭ್ಯಾಸದಲ್ಲಿ ಪೂರ್ತಿ ಹೇಳಬಾರದು, ಅಪಶಕುನ ಅನ್ನುವ ನಂಬಿಕೆ ಪ್ಯಾಂಟೊದವರಲ್ಲಿ ಇದೆ. ಪುಟ್ಟಿ ಅಕ್ಟೋಬರಿನಿಂದ ಅಭ್ಯಾಸಕ್ಕೆ ಹೋಗುತ್ತಿದ್ದರೂ ಆ ಸಾಲು ಮೊದಲ ಸಲ ಕೇಳಿದ್ದು ಶುಕ್ರವಾರದ ಪ್ರದರ್ಶನದಲ್ಲಂತೆ. ಅದನ್ನು ನಮಗೆ ಹತ್ತು ಸಲ ಹೇಳಿದಳು.

ಪರದೆ ಬಿದ್ದ ಮೇಲೆ ಯಾರೂ ಮನೆಗೆ ಓಡಲಿಲ್ಲ. ಕುರ್ಚಿ ಜೋಡಿಸಿದರು, ನಾನೂ ಕೈ ಹಾಕಿದೆ. ಲಂಗ ಉಟ್ಟುಕೊಂಡೇ ರೈತ ಬಳ್ಳಿ ಬಿಚ್ಚುತ್ತಿದ್ದ. ಮುಂದಿನ ವರ್ಷ ಅಲ್ಲಾದೀನ್ ಅಂತ ಅಲ್ಲೇ ಮಾತಾಯಿತು. ಹಸುವಿನ ಹಿಂಗಾಲಿನ ಹುಡುಗ ಈಗಲೇ ಕೇಳಿಟ್ಟಿದ್ದಾನೆ: ಈ ಸಲ ಮುಖ ಕಾಣಿಸುವ ಪಾತ್ರ ಬೇಕು. ಪುಟ್ಟಿಗೆ ಮಾತ್ರ ಆ ಹಿಂಗಾಲೇ ಬೇಕಂತೆ.