ಟೇಬಲ್ ಪೂರ್ತಿ ಕಾಣಬೇಕು

17 ನವೆಂಬರ್ 2024, ಭಾನುವಾರ
ಬೆಂಗಳೂರು

ಅಣ್ಣ ದಾವಣಗೆರೆಯಿಂದ ಮೂರು ವಾರದಿಂದ ಒಂದೇ ಮಾತು ಹೇಳುತ್ತಿದ್ದಾನೆ. "ನೀನು ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ ಕಣೋ. ಆಟ ರೆಕಾರ್ಡ್ ಮಾಡಿ ಕಳಿಸು." ನನಗೆ ಪೂಲ್, ಅಂದರೆ ಟೇಬಲ್ ಮೇಲೆ ಸ್ಟಿಕ್ಕಿನಿಂದ ಬಾಲ್ ಹೊಡೆದು ಪಾಕೆಟ್ಟಿಗೆ ಹಾಕುವ ಆಟ, ಕಲಿಸಿದವನು ಅವನೇ. ಏಳು ಬಾಲ್ ಸಲೀಸಾಗಿ ಹಾಕಿ, ಕೊನೆಯ ಕಪ್ಪು ಬಾಲ್ ಮಾತ್ರ ಯಾಕೆ ತಪ್ಪಿಸುತ್ತೇನೆ ಅಂತ ಅವನೇ ನೋಡಿ ಹೇಳಬೇಕು.

ಕೈಯಲ್ಲಿದ್ದದ್ದು ಹತ್ತು ಸಾವಿರ ರೂಪಾಯಿ. ನಿನ್ನೆ ಎಸ್.ಪಿ. ರಸ್ತೆಯಲ್ಲಿ ಕ್ಯಾಮೆರಾ ಹುಡುಕುತ್ತಾ ಅರ್ಧ ದಿನ ಸುತ್ತಿದೆ. ಒಂದು ಅಂಗಡಿಯಲ್ಲಿ ಹಳೆಯ ಹ್ಯಾಂಡಿಕ್ಯಾಮ್ ತೋರಿಸಿ, 30 ಪಟ್ಟು ಜೂಮ್ ಇದೆ ಅಂದರು. ನನಗೆ ಬೇಕಾದದ್ದು ಅದರ ಉಲ್ಟಾ. ಹತ್ತಿರದಿಂದಲೇ ಇಡೀ ಟೇಬಲ್ ಸಿಗಬೇಕು. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಒಂದು ಚೆನ್ನಾಗಿತ್ತು, ಆದರೆ 30 ನಿಮಿಷ ಆಗುವಷ್ಟರಲ್ಲಿ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತದೆ. ಅಗ್ಗದ ಆ್ಯಕ್ಷನ್ ಕ್ಯಾಮೆರಾದಲ್ಲಿ ಟೇಬಲ್ ಪೂರ್ತಿ ಬಂತು, ಅಂಚುಗಳು ಮಾತ್ರ ಬಿಲ್ಲಿನ ಹಾಗೆ ಬಾಗಿದವು. ಅಂಚೇ ಡೊಂಕಾದರೆ ಅಂಚಿಗೆ ಬಡಿದು ತಿರುಗುವ ಬ್ಯಾಂಕ್ ಶಾಟ್ ಯಾವ ಕೋನದಲ್ಲಿ ಹೋಯಿತು ಅಂತ ನೋಡುವುದು ಹೇಗೆ?

ಕೊನೆಗೆ ಬೀರುವಿನಲ್ಲಿದ್ದ ಹಳೆಯ ಫೋನನ್ನೇ ತೆಗೆದೆ. ಒಂದು ಕ್ಲ್ಯಾಂಪ್, 64 ಜಿಬಿ ಕಾರ್ಡ್, ಒಂದು ಪವರ್ ಬ್ಯಾಂಕ್ ಕೊಂಡೆ. ಫುಲ್ ಎಚ್‌ಡಿಯಲ್ಲಿ ಗಂಟೆಗೆ ಸುಮಾರು 8 ಜಿಬಿ ಆಗುತ್ತದೆ, ಒಂದು ಸಂಜೆಗೆ ಧಾರಾಳ.

ಕಷ್ಟ ಇದ್ದದ್ದು ಎಲ್ಲಿ ಇಡಬೇಕು ಅನ್ನುವುದರಲ್ಲಿ. ನಮ್ಮ ಪಾರ್ಲರ್‌ನದು 8 ಅಡಿ ಟೇಬಲ್. ಆಡುವ ಜಾಗವೇ 88 ಇಂಚು ಉದ್ದ, 44 ಇಂಚು ಅಗಲ. ಪಕ್ಕದಿಂದ ಅಷ್ಟು ಉದ್ದ ಸಿಗಬೇಕಾದರೆ ಆರಡಿಗಿಂತ ಜಾಸ್ತಿ ಹಿಂದೆ ಸರಿಯಬೇಕು, ಅಲ್ಲಿ ಇನ್ನೊಂದು ಟೇಬಲ್ ಇದೆ. "ಸಾರ್, ಆ ಕಂಬಕ್ಕೆ ಮೇಲೆ ಕಟ್ಟಿ" ಅಂತ ಪಾರ್ಲರಿನಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್ ತಾನೇ ಸ್ಟೂಲ್ ತಂದುಕೊಟ್ಟ. ಕಂಬ ಇರುವುದು ಟೇಬಲ್ಲಿನ ಗಿಡ್ಡ ಬದಿಯ ಹಿಂದೆ. ಏಳಡಿ ಎತ್ತರದಿಂದ ಕೆಳಕ್ಕೆ ಬಾಗಿಸಿದರೆ ಆರೂ ಪಾಕೆಟ್ ಕಂಡವು. ಎಷ್ಟು ಖುಷಿಯಾಯಿತು ಅಂದರೆ, ಅವನ ಕೈ ಹಿಡಿದು ಕುಲುಕಿಬಿಟ್ಟೆ.

ಮೊದಲ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಜ್. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಮಾತ್ರ ಕಾಣಲ್ಲ. ಕ್ಯಾಮೆರಾದ ಆಟೋ ಮೋಡ್ ತೆಗೆದು ಶಟರ್ 1/100 ಸೆಕೆಂಡಿಗೆ ನಿಲ್ಲಿಸಿದೆ, ಪಟ್ಟೆ ಮಾಯ. ಬ್ರೇಕ್, ಅಂದರೆ ಆಟ ಶುರು ಮಾಡುವ ಮೊದಲ ಹೊಡೆತ, ಹೊಡೆದಾಗ ಬಿಳಿ ಬಾಲ್ ಒಂದು ಗೀಟಿನ ಹಾಗೆ ಕಾಣುತ್ತದೆ, ಪರವಾಗಿಲ್ಲ. ಬೆಳಕನ್ನೂ ಟೇಬಲ್ಲಿನ ಬಟ್ಟೆಗೆ ಹೊಂದಿಸಿ ಲಾಕ್ ಮಾಡಿದೆ. ಇಲ್ಲದಿದ್ದರೆ ಸುತ್ತಲಿನ ಕತ್ತಲೆ ನೋಡಿ ಫೋನು ಟೇಬಲ್ಲನ್ನೇ ಬೆಳ್ಳಗೆ ಮಾಡುತ್ತದೆ. ನೇರಳೆ ಬಣ್ಣದ 4ನೇ ನಂಬರ್ ಬಾಲ್ ಮಾತ್ರ ಇನ್ನೂ 8ನೇ ನಂಬರಿನ ಕಪ್ಪು ಬಾಲಿನ ಹಾಗೇ ಕಾಣುತ್ತಿದೆ. ಟಿವಿ ಪಂದ್ಯಗಳಿಗೆ ಅಂತ ಬರುವ ಬಾಲ್ ಸೆಟ್‌ನಲ್ಲಿ 4ಕ್ಕೆ ಗುಲಾಬಿ ಬಣ್ಣ ಯಾಕೆ ಅಂತ ಇವತ್ತು ಅರ್ಥವಾಯಿತು.

ಸಂಜೆ ಮೂರು ಗೇಮ್ ಕಳಿಸಿದೆ. ರಾತ್ರಿ ಹತ್ತಕ್ಕೆ ಅಣ್ಣನ ಫೋನ್. "ಮೂರನೇದು ನೋಡು. ಸ್ಟಿಕ್ ತಾಗೋಕ್ಕೆ ಮುಂಚೆನೇ ನಿನ್ನ ತಲೆ ಎದ್ದಿದೆ. ಕಪ್ಪಿಗೆ ಮಾತ್ರ."

ಹಿಂದೆ ಮುಂದೆ ಮಾಡಿ ನಾಲ್ಕು ಸಲ ನೋಡಿದೆ. ಹೌದು, ಎದ್ದಿದೆ. ಬುಧವಾರ ಬರೀ ಕಪ್ಪು ಬಾಲ್ ಇಟ್ಟುಕೊಂಡು ಒಂದು ಗಂಟೆ ಹೊಡೆದು, ಅದನ್ನೂ ಅವನಿಗೆ ಕಳಿಸುತ್ತೇನೆ.