ಹಾಚ್‌ಕಿಸ್‌ನ ನಕ್ಷೆಗಳು ಮತ್ತು ಅವನ ಕಾಗದಪತ್ರಗಳು

ಕೆಲವು ವಾರಗಳಿಂದ, ರಾತ್ರಿ ಮನೆಕೆಲಸ ಮುಗಿದ ಮೇಲೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸ್ಕ್ಯಾನ್ ಮಾಡಿಟ್ಟಿರುವ ಒಂದು ಹಳೆಯ ನೋಟ್‌ಬುಕ್ಕಿನ ಪುಟಗಳನ್ನು ನೋಡುತ್ತ ಕೂರುತ್ತಿದ್ದೇನೆ. ಅದು ಜೆಡಿಡಯಾ ಹಾಚ್‌ಕಿಸ್ ಎಂಬುವನದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಒಕ್ಕೂಟದಿಂದ ಹೊರಬಿದ್ದ ದಕ್ಷಿಣದ ರಾಜ್ಯಗಳ ಸೈನ್ಯಕ್ಕೆ, 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ, ನಕ್ಷೆ ಬರೆದುಕೊಟ್ಟವನು ಈತ. ತೊರೆ, ದಾರಿ, ಗುಡ್ಡದ ಇಳಿಜಾರು ಎಲ್ಲವೂ ಬಣ್ಣದ ಪೆನ್ಸಿಲ್ಲಿನಲ್ಲಿವೆ. ಬಹುಪಾಲು ಚಿತ್ರಗಳನ್ನು ಕುದುರೆಯ ಮೇಲೆ ಕುಳಿತೇ ಬರೆದದ್ದು, ಅವು ಈಗಲೂ ಬರೆದ ಹಾಗೆಯೇ ಇವೆ ಎಂದು ಅವನೇ ಅದರಲ್ಲಿ ಟಿಪ್ಪಣಿ ಬರೆದಿಟ್ಟಿದ್ದಾನೆ.

ಹಾಚ್‌ಕಿಸ್ ಹುಟ್ಟಿದ್ದು 1828ರಲ್ಲಿ, ಉತ್ತರದ ನ್ಯೂಯಾರ್ಕ್ ರಾಜ್ಯದಲ್ಲಿ. ದಕ್ಷಿಣದ ವರ್ಜೀನಿಯಾ ರಾಜ್ಯಕ್ಕೆ ಬಂದು ಶಾಲೆ ನಡೆಸಿದ ಮೇಷ್ಟ್ರು. ನಕ್ಷೆಯ ಕೆಲಸವನ್ನು ತಾನಾಗಿಯೇ ಕಲಿತವನು. 1862ರ ಮಾರ್ಚ್ 26ರಂದು ದಕ್ಷಿಣದ ಸೈನ್ಯದ ಜನರಲ್ ಸ್ಟೋನ್‌ವಾಲ್ ಜಾಕ್ಸನ್ ಅವನನ್ನು ಕರೆಸಿ, ಹಾರ್ಪರ್ಸ್ ಫೆರಿಯಿಂದ ಲೆಕ್ಸಿಂಗ್ಟನ್‌ವರೆಗಿನ ಶೆನಂಡೋವಾ ಕಣಿವೆಯ ನಕ್ಷೆಯಾಗಬೇಕು, ದಾಳಿಗೂ ರಕ್ಷಣೆಗೂ ಒದಗುವ ಜಾಗಗಳೆಲ್ಲ ಅದರಲ್ಲಿ ಕಾಣಬೇಕು ಎಂದು ಹೇಳಿದ. ಅದಕ್ಕಾಗಿ ಹಾಚ್‌ಕಿಸ್ ಬಳಸಿದ್ದು ಮೂರು ತುಂಡು ಟ್ರೇಸಿಂಗ್ ಬಟ್ಟೆಯನ್ನು ಅಂಟಿಸಿ ಮಾಡಿದ ಉದ್ದನೆಯ ಹಾಳೆ. ನೆಲದ ಉಬ್ಬುತಗ್ಗನ್ನು ಇಷ್ಟು ಪ್ರೀತಿಯಿಂದ ತಿದ್ದಿದ ಕೈ ಅನ್ಯಾಯದ ಪಕ್ಷಕ್ಕೆ ದುಡಿಯಿತಲ್ಲ ಎಂಬ ಸಂಕಟ, ಆ ಗೆರೆಗಳನ್ನು ನೋಡುವಾಗಲೆಲ್ಲ ನನ್ನನ್ನು ಕಾಡುತ್ತದೆ.

ಯುದ್ಧ ಮುಗಿದಾಗ ಗೆದ್ದ ಪಕ್ಷದ ಅಧಿಕಾರಿಗಳು ಈ ನಕ್ಷೆಗಳನ್ನು ವಶಪಡಿಸಿಕೊಳ್ಳಲು ನೋಡಿದರು. ಹಾಚ್‌ಕಿಸ್ ಆ ಪಕ್ಷದ ಸೇನಾಪತಿ ಜನರಲ್ ಗ್ರಾಂಟ್‌ವರೆಗೂ ಹೋಗಿ ಅವುಗಳನ್ನು ಉಳಿಸಿಕೊಂಡ. ಮುಂದೆ ಅಮೆರಿಕ ಸರ್ಕಾರವೇ ಅಂತರ್ಯುದ್ಧದ ಅಧಿಕೃತ ಅಟ್ಲಾಸನ್ನು ಅಚ್ಚು ಹಾಕಿಸಿದಾಗ, ದಕ್ಷಿಣದ ಕಡೆಯ ನಕ್ಷೆಗಳಲ್ಲಿ ದೊಡ್ಡ ಪಾಲು ಅವನವೇ ಆಗಿದ್ದವು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿರುವುದು ಇದರ ನಂತರದ ಕಥೆ. ಅವನು ವರ್ಜೀನಿಯಾದ ಸ್ಟಾಂಟನ್ ಊರಿನಲ್ಲಿ ಕಚೇರಿ ತೆರೆದು, ವರ್ಜೀನಿಯಾ ಮತ್ತು ವೆಸ್ಟ್ ವರ್ಜೀನಿಯಾ ಎರಡೂ ರಾಜ್ಯಗಳ ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿನ ಕಡೆಗೆ ಬಂಡವಾಳಗಾರರನ್ನು ಸೆಳೆಯುವ ಕೆಲಸಕ್ಕೆ ಇಳಿದ. 1880ರಿಂದ 1885ರವರೆಗೆ ‘ದಿ ವರ್ಜೀನಿಯಾಸ್’ ಎಂಬ ಗಣಿ ಪತ್ರಿಕೆಯನ್ನೂ ನಡೆಸಿದ. ತೋಪುಗಾಡಿ ಯಾವ ದಾರಿಯಲ್ಲಿ ಏರಬಲ್ಲದು ಎಂದು ಗುಡ್ಡಗಳನ್ನು ಅಳೆದ ಕಣ್ಣೇ, ಅದೇ ಬೆಟ್ಟಸಾಲಿನ ಆಚೆ ಕಲ್ಲಿದ್ದಲಿನ ಪದರ ಎಲ್ಲಿದೆ, ರೈಲುಹಳಿ ಎಲ್ಲಿ ಹಾಯಬೇಕು ಎಂದು ಅಳೆಯತೊಡಗಿತು. ಆ ಕಲ್ಲಿದ್ದಲು ಸೀಮೆಯ ಪೊಕಹಾಂಟಸ್ ಊರಿನಿಂದ ಮೊದಲ ಕಲ್ಲಿದ್ದಲು ರೈಲಿನಲ್ಲಿ ಹೊರಟದ್ದು 1883ರಲ್ಲಿ. ಹಾಚ್‌ಕಿಸ್ ತೀರಿಕೊಂಡದ್ದು 1899ರಲ್ಲಿ.

ಅವನ ದಿನಚರಿ, ಹೆಂಡತಿ ಸಾರಾಳಿಗೆ ರಣರಂಗದಿಂದ ಬರೆದ ಪತ್ರಗಳು, ವ್ಯವಹಾರದ ಕಾಗದಗಳು ಎಲ್ಲ ಸೇರಿ ಸುಮಾರು 27,000 ಆಗುತ್ತವೆ; ಅವು ಲೈಬ್ರರಿಯ ಹಸ್ತಪ್ರತಿ ವಿಭಾಗದಲ್ಲಿವೆ. 1948ರಲ್ಲಿ ಮೊಮ್ಮಗಳಿಂದ ಕೊಂಡ ನಕ್ಷೆಗಳು ಮತ್ತು ರೇಖಾಪುಸ್ತಕಗಳು, ಒಟ್ಟು 341, ನಕ್ಷೆ ವಿಭಾಗದಲ್ಲಿವೆ. ಸಂರಕ್ಷಣೆಯ ದೃಷ್ಟಿಯಿಂದ ಇದು ಸರಿಯಾದ ಏರ್ಪಾಡೇ. ಆದರೆ ಯುದ್ಧದಾಸಕ್ತಿಯವರು ನಕ್ಷೆಗಳನ್ನು ಮಾತ್ರ, ಗಣಿಯ ಇತಿಹಾಸ ಬೇಕಾದವರು ಪತ್ರಗಳನ್ನು ಮಾತ್ರ ನೋಡಿ ಎದ್ದರೆ, ಯುದ್ಧಕ್ಕೆಂದು ಕೂಡಿಸಿದ ನೆಲದ ತಿಳಿವಳಿಕೆ ಮುಂದೆ ಅದೇ ಮನುಷ್ಯನ ವ್ಯಾಪಾರದ ಬಂಡವಾಳವಾದದ್ದು ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ನಿನ್ನೆ ಮತ್ತೆ ಆ ನೋಟ್‌ಬುಕ್ಕನ್ನೇ ತೆರೆದೆ. ಅದರ ರಟ್ಟಿನ ಹೊರಬದಿಯಲ್ಲಿ ಬಣ್ಣದ ಪೆನ್ಸಿಲ್ಲುಗಳನ್ನು ಸಿಕ್ಕಿಸಿಡಲು ಜಾಗ ಮಾಡಿಕೊಂಡಿದ್ದೆ ಎಂದೂ ಅದೇ ಟಿಪ್ಪಣಿಯಲ್ಲಿ ಬರೆದಿದ್ದಾನೆ. ಒಂದು ಕೈಯಲ್ಲಿ ಲಗಾಮು ಹಿಡಿದವನಿಗೆ, ಇನ್ನೊಂದು ಕೈಗೆ ತಡಕಾಡದೆ ಸಿಗುವ ಹಾಗೆ.