ಮೇಲೆ ಇರುದು ನನ್ನ ಮುಖ ಅಲ್ವಾ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಅಭ್ಯಾಸ ಆಗುತ್ತೆ ಅಮ್ಮ, ಎರಡು ದಿನ ಅಷ್ಟೇ."

ಹೇಳಿದ್ದು ಬೆಂಗಳೂರಿನಿಂದ ಸೋಲ್ಡರಿಂಗ್, ಅಂದರೆ ಬೆಸುಗೆಯ ಸಾಮಾನು ತೋರಿಸಲು ಬಂದ ಹುಡುಗ. ಕೇಳಿಸಿಕೊಂಡವರು ನಮ್ಮಲ್ಲಿ ಕೆಲಸಕ್ಕೆ ಸೇರಲಿರುವ ಅಕ್ಕ. ಮಂಗಳೂರಿನ ಯೆಯ್ಯಾಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ತೋಟದ ಪಂಪ್‌ಸೆಟ್‌ಗೆ ಹಾಕುವ ಟೈಮರ್ ಬೋರ್ಡುಗಳನ್ನು ಅಲ್ಲಿ ಕೈಯಲ್ಲೇ ಜೋಡಿಸಬೇಕು. ನಮ್ಮದು ಸಣ್ಣ ಲೆಕ್ಕ, ಮೆಷಿನ್ ತಂದರೆ ಗಿಟ್ಟುವುದಿಲ್ಲ.

ಹುಡುಗ ಒಳ್ಳೆಯವನೇ. ತನ್ನ ಸಾಮಾನಿನ ಬಗ್ಗೆ ಚೆನ್ನಾಗಿ ತಿಳಿದುಕೊಂಡಿದ್ದ. ಐರನ್‌ಗೆ, ಅಂದರೆ ಬೆಸುಗೆ ಹಾಕುವ ಬಿಸಿ ಕಡ್ಡಿಗೆ, ಚೂಪು ಮೊನೆಯ ಟಿಪ್ ನೋಡಲಿಕ್ಕೆ ಚಂದ, ಆದರೆ ಶಾಖ ಸರಿಯಾಗಿ ದಾಟುವುದು ಚಪ್ಪಟೆ ಟಿಪ್‌ನಲ್ಲಿ ಎಂದ. ಸರಿಯಾದ ಮಾತು. 63 ಪಾಲು ತವರ, 37 ಪಾಲು ಸೀಸದ ತಂತಿ 183 ಡಿಗ್ರಿಗೆ ಕರಗುತ್ತದೆ, ಸೀಸ ಇಲ್ಲದ ತಂತಿಗೆ 217 ದಾಟಬೇಕು, ಹೊಸಬರ ಕೈಗೆ ಮೊದಲನೆಯದೇ ಸುಲಭ ಎಂದ. ಅದೂ ಸರಿ. ಆಮೇಲೆ ಒಂದು ಬೋರ್ಡ್ ಹಿಡಿದು ಬೆಸುಗೆ ಹಾಕಿ ತೋರಿಸಿದ. ಹೊಗೆ ಎದ್ದಿತು.

ಅಕ್ಕ ಬೋರ್ಡನ್ನು ನೋಡುತ್ತಿರಲಿಲ್ಲ. ಹೊಗೆಯನ್ನೇ ನೋಡುತ್ತಿದ್ದರು.

"ಈ ಹೊಗೆ ಎಲ್ಲಿಗೆ ಹೋಗುದು ಸರ್?"

"ಮೇಲಕ್ಕೆ."

"ಮೇಲೆ ಇರುದು ನನ್ನ ಮುಖ ಅಲ್ವಾ?"

ಆಗ ಬಂತು ಆ ಅಭ್ಯಾಸದ ಮಾತು. ಅಕ್ಕ ಮತ್ತೆ ಏನೂ ಕೇಳಲಿಲ್ಲ. ತಲೆ ಆಡಿಸಿ ಹಿಂದೆ ಸರಿದು ಕೂತರು.

ನನ್ನನ್ನು ಹೆಚ್ಚು ಕಾಡಿದ್ದು ಅವರು ಹಾಗೆ ತಲೆ ಆಡಿಸಿದ್ದು. ಅವರು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಗೆರಸೆ ತೊಡೆಯ ಮೇಲಿಟ್ಟುಕೊಂಡು, ಹೊಗೆಸೊಪ್ಪಿನ ಪುಡಿಯ ನಡುವೆ ಕೂತು, ಸಾವಿರದ ಲೆಕ್ಕದಲ್ಲಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬಂದವರು. ಆ ಪುಡಿಗೂ ಯಾರೋ ಇದೇ ಮಾತು ಹೇಳಿರುತ್ತಾರೆ. ಗೇರುಬೀಜದ ಕಾರ್ಖಾನೆಗೆ ಹೋದ ಹೆಂಗಸರಿಗೂ ಹೇಳಿರುತ್ತಾರೆ. ಗೇರು ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ಹಾಗೆ ಕಪ್ಪಾದ ಬೆರಳುಗಳನ್ನು ನಮ್ಮ ಊರಿನಲ್ಲಿ ನೋಡದವರು ಯಾರು? ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕಾಲದಿಂದ ಈ ಕರಾವಳಿಯ ಕೈಗಳು ಏನೇನನ್ನೋ ಮಾಡಿವೆ. ಕೈ ಚುರುಕು ಎಂದು ಎಲ್ಲರೂ ಹೊಗಳುತ್ತಾರೆ. ಆ ಕೈಯ ಹಿಂದೆ ಮೂಗು, ಎದೆ ಇದೆ ಅನ್ನುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಇನ್ನೊಂದು ವಿಷಯ. ಬೆಸುಗೆಯ ಆ ಹೊಗೆಗೆ ಅಭ್ಯಾಸ ಆಗುವುದೇ ಇಲ್ಲ. ಅದು ಸೀಸದ ಹೊಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಸೀಸ ಕುದಿಯಲು 1700 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು, ನಮ್ಮ ಐರನ್ ಇರುವುದು 350ರ ಆಸುಪಾಸಿನಲ್ಲಿ. ಸೀಸ ಹೊಟ್ಟೆಗೆ ಹೋಗುವುದು ಬೆರಳಿನಿಂದ. ಅದಕ್ಕೇ ಮೇಜಿನ ಮೇಲೆ ಚಾ ಬೇಡ, ಗೋಳಿಬಜೆ ಬೇಡ, ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಹೊಗೆ ಬರುವುದು ತಂತಿಯೊಳಗಿನ ಫ್ಲಕ್ಸ್‌ನಿಂದ, ಅಂದರೆ ಪೈನ್ ಮರದ ಅಂಟಿನಿಂದ ಮಾಡಿದ ರೋಸಿನ್‌ನಿಂದ. ರೋಸಿನ್ ಹೊಗೆ ಕೆಲಸಗಾರರಿಗೆ ಅಸ್ತಮಾ ತರುತ್ತದೆ ಎಂದು ವೈದ್ಯರಿಗೆ ಗೊತ್ತಾಗಿ ಎಷ್ಟೋ ಕಾಲವಾಯಿತು. ಎಲ್ಲರಿಗೂ ಬರುವುದಿಲ್ಲ. ಆದರೆ ಒಮ್ಮೆ ದೇಹ ಅದನ್ನು ವೈರಿ ಎಂದು ಗುರುತಿಸಿಬಿಟ್ಟರೆ ಆಮೇಲೆ ಚೂರು ಹೊಗೆಗೂ ಎದೆ ಬಿಗಿಯುತ್ತದೆ. ದಿನ ಕಳೆದ ಹಾಗೆ ಸಹಿಸುವ ಶಕ್ತಿ ಬರುವ ಬದಲು ಇದ್ದದ್ದೂ ಹೋಗುತ್ತದೆ.

ಅದೇ ಹುಡುಗ ಚಿಪ್‌ಗಳ ವಿಷಯದಲ್ಲಿ ಎಷ್ಟು ಜಾಗ್ರತೆ ಹೇಳಿದ ಗೊತ್ತಾ? ಮಂಗಳೂರಿನ ಹವೆಯಲ್ಲಿ ಐಸಿ (ಚಿಪ್) ಹೊರಗಿಡಲೇಬೇಡಿ, ತೇವ ತಾಗದ ಡ್ರೈ ಕ್ಯಾಬಿನೆಟ್ ಬೇಕೇ ಬೇಕು ಅಂದ. ನಿಜ. ಕೆಲವು ಐಸಿಗಳ ಪೊಟ್ಟಣದ ಮೇಲೆ ಬರೆದೇ ಇರುತ್ತದೆ: ಪೊಟ್ಟಣ ಒಡೆದ ಮೇಲೆ 168 ಗಂಟೆಯೊಳಗೆ ಬೆಸುಗೆ ಹಾಕಬೇಕು, ಅದೂ 30 ಡಿಗ್ರಿಯೊಳಗೆ, ಗಾಳಿಯ ತೇವ 60 ಪರ್ಸೆಂಟ್ ದಾಟದಿದ್ದರೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ 60 ಎಲ್ಲಿಂದ ಬರಬೇಕು! ಒಂದು ಐಸಿ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಗಂಟೆಯ ಲೆಕ್ಕ ಇದೆ. ಅಕ್ಕನ ಎದೆಗೆ ಬಂದಾಗ "ಎರಡು ದಿನ ಅಷ್ಟೇ".

ಮಣಿಕಟ್ಟಿಗೆ ಕಟ್ಟಿ ಅರ್ತಿಂಗ್‌ಗೆ ಜೋಡಿಸುವ ಪಟ್ಟಿಯನ್ನೂ ತೋರಿಸಿದ. ಮೈಮೇಲಿನ ಸ್ಟ್ಯಾಟಿಕ್ ಕರೆಂಟಿನಿಂದ ಚಿಪ್ ಹಾಳಾಗದಿರಲಿ ಎಂದು ಅದು. ಅದರ ವೈರಿನಲ್ಲಿ 1 ಮೆಗಾಓಮ್‌ನ ರೆಸಿಸ್ಟರ್ ಇರುತ್ತದೆ. ಕೈ ತಪ್ಪಿ ಲೈವ್ ವೈರ್ ಮುಟ್ಟಿದರೆ ಮೈಯಲ್ಲಿ ಹರಿಯುವ ಕರೆಂಟನ್ನು ಅದು ತಡೆಯುತ್ತದೆ. ಅಂದರೆ ಪಟ್ಟಿ ಚಿಪ್‌ಗಾಗಿ, ರೆಸಿಸ್ಟರ್ ಮನುಷ್ಯರಿಗಾಗಿ. ಅದನ್ನು ಅಲ್ಲಿ ಇಟ್ಟವರ ಮೇಲೆ ನನಗೆ ತುಂಬಾ ಗೌರವ. ಇಡೀ ವರ್ಕ್‌ಶಾಪನ್ನು ಹಾಗೆ ಕಟ್ಟಬಹುದು ಅಲ್ವಾ?

ಬುಧವಾರ ಕೊಳ್ಳಬೇಕಾದ ಸಾಮಾನಿನ ಪಟ್ಟಿ ಹೊಸದಾಗಿ ಬರೆದೆವು. ಹೊಗೆ ಎಳೆಯುವ ವ್ಯವಸ್ಥೆ ಎಲ್ಲಕ್ಕಿಂತ ಮೇಲೆ. ಮೇಜಿನ ಮೇಲಿಡುವ ಕಾರ್ಬನ್ ಫಿಲ್ಟರಿನ ಸಣ್ಣ ಫ್ಯಾನ್ ಸಾಲದು. ಅದು ವಾಸನೆ ಕಡಿಮೆ ಮಾಡುತ್ತದೆ, ಹೊಗೆಯ ಸಣ್ಣ ಕಣ ಹಾಗೇ ಉಳಿಯುತ್ತದೆ. ಪ್ರತಿ ಸೀಟಿಗೂ ಬೆಸುಗೆಯ ಪಕ್ಕಕ್ಕೇ ಬರುವ ಒಂದು ಬಾಯಿ, ಅಲ್ಲಿಂದ ಪೈಪು, ಕೊನೆಯಲ್ಲಿ ಹೊರಗೆ ಎಳೆಯುವ ಫ್ಯಾನ್. ಪೈಪು ಪಶ್ಚಿಮದ ಗೋಡೆಯಲ್ಲಿ ಹೊರಟರೆ ಮಳೆಗಾಲದ ಗಾಳಿ ಹೊಗೆಯನ್ನು ವಾಪಸ್ ಒಳಗೆ ದೂಡುತ್ತದೆ. ಹಾಗಾಗಿ ಪೂರ್ವದ ಗೋಡೆಗೆ ತೂತು, ಹೊರಗೆ ಕೆಳಮುಖದ ಬೆಂಡ್. ದುಡ್ಡು ಹೊಂದಿಸಲು ಒಂದು ಭೂತಗನ್ನಡಿ ದೀಪ, ಒಂದು ಸೋಲ್ಡರಿಂಗ್ ಸ್ಟೇಷನ್ ಬಿಟ್ಟೆವು. ಸದ್ಯಕ್ಕೆ ಡ್ರೈ ಕ್ಯಾಬಿನೆಟ್ ಕೂಡ ಇಲ್ಲ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ತೇವ ಅಳೆಯುವ ಮೀಟರ್, ಅಷ್ಟು ಸಾಕು.

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಪೈಪಿನ ಬಾಯಿ ಎಡಗಡೆ ಇರಲಿ, ಬಲಗೈಗೆ ಅಡ್ಡ ಬರ್ತದೆ ಎಂದರು. ಫಿಟ್ಟರ್‌ಗೆ ಹಾಗೇ ತಿಳಿಸಿದ್ದೇನೆ. ಜೊತೆಗೆ ಕೂರುವ ಇನ್ನೊಬ್ಬ ಹುಡುಗಿ ಎಡಚಿ, ಅವಳ ಸೀಟಿಗೆ ಬಲಗಡೆ ಬರಬೇಕು.